ಹುಚ್ಚು ಹಿಡಿದಂತಿರುವ ನಾಯಿಯನ್ನು ಊರವರೇ ಹೊಡೆದು ಹಾಕಬಹುದಾ? ನಿಯಮ ಏನಿದೆ?

ಬೀದಿ ನಾಯಿಯೊಂದು ಜೊಲ್ಲು ಸುರಿಸುತ್ತಾ ತೂರಾಡುತ್ತಿದೆ, ನಿಮ್ಮ ಹಸುವಿಗೆ ಕಚ್ಚಿದೆ, ಊರವರು ದೊಣ್ಣೆ ಹಿಡಿದಿದ್ದಾರೆ, ಪಂಚಾಯಿತಿಯವರು ‘ನಮ್ಮ ಕೆಲಸ ಅಲ್ಲ’ ಅಂದಿದ್ದಾರೆ ಅಂತ ಬರೆದಿದ್ದೀರಿ. ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ದಯವಿಟ್ಟು ಆ ದೊಣ್ಣೆ ಕೆಳಗಿಡಿಸಿ.

ಮೊದಲು ಒಂದು ಮಾತು. ಯಾರಿಗಾದರೂ ಹಲ್ಲು ಅಥವಾ ಉಗುರು ತಾಗಿದ್ದರೆ, ಇಲ್ಲವೇ ಗಾಯದ ಮೇಲೆ ಜೊಲ್ಲು ಬಿದ್ದಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಲಿ. ಅರಿಶಿನ, ಖಾರದಪುಡಿ, ಸುಣ್ಣ ಯಾವುದೂ ಬೇಡ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಲಿ. ನಾಯಿ ಏನಾಗುತ್ತೋ ನೋಡೋಣ ಅಂತ ಲಸಿಕೆ ತಡ ಮಾಡಬಾರದು. ರಕ್ತ ಬಂದ ಗಾಯವಾದರೆ ಲಸಿಕೆ ಒಂದೇ ಸಾಲದು, ವೈರಸ್ಸನ್ನು ಗಾಯದಲ್ಲೇ ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದನ್ನೂ ಗಾಯದ ಸುತ್ತ ಕೊಡಿಸಬೇಕು. ಕೇಳಿ ಹಾಕಿಸಿಕೊಳ್ಳಿ.

ಈಗ ನಾಯಿಯ ವಿಷಯ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಹುಚ್ಚು ಹಿಡಿದಿದೆ ಅಂತ ದೂರು ಬಂದರೆ ಸ್ಥಳೀಯ ಸಂಸ್ಥೆಯೇ, ಅಂದರೆ ಹಳ್ಳಿಯಲ್ಲಿ ಪಂಚಾಯಿತಿಯೇ, ಅದನ್ನು ಹಿಡಿಸಬೇಕು. ಹಿಡಿದ ಮೇಲೆ ಸಂಸ್ಥೆ ನೇಮಿಸಿದ ಪಶುವೈದ್ಯರು ಮತ್ತು ಪ್ರಾಣಿ ದಯಾ ಸಂಸ್ಥೆಯ ಪ್ರತಿನಿಧಿ ಇಬ್ಬರೂ ಪರೀಕ್ಷಿಸುತ್ತಾರೆ. ರೇಬೀಸ್ (ಹುಚ್ಚು ನಾಯಿ ರೋಗ) ಇರುವ ಸಾಧ್ಯತೆ ಜಾಸ್ತಿ ಅನ್ನಿಸಿದರೆ ಬೇರೆ ಕಡೆ ಕೂಡಿ ಹಾಕಿ, ತಾನಾಗಿ ಸಾಯುವವರೆಗೆ ಬಿಡಬೇಕು. ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ. ಬೇರೆ ಕಾಯಿಲೆ ಅಂತ ಗೊತ್ತಾದರೆ ಚಿಕಿತ್ಸೆಗೆ ಒಪ್ಪಿಸಬೇಕು. ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ಕಾಯಿಲೆ ಬಂದ ನಾಯಿಯೂ ಜೊಲ್ಲು ಸುರಿಸುತ್ತದೆ, ತೂರಾಡುತ್ತದೆ. ನೋಡಿದ ಕೂಡಲೇ ಹೇಳಲು ನಮಗೂ ಆಗುವುದಿಲ್ಲ.

ಊರವರು ಹೊಡೆದು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ಆದರೆ ನನಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ. ರೇಬೀಸ್ ಖಚಿತವಾಗುವುದು ಮೆದುಳಿನ ಪರೀಕ್ಷೆಯಿಂದ. ಊರಲ್ಲಿ ಹೊಡೆಯುವುದು ತಲೆಗೇ ಅಲ್ವಾ? ತಲೆ ಜಜ್ಜಿ ಹೋದರೆ ಪರೀಕ್ಷೆ ಮಾಡಲು ಏನೂ ಉಳಿಯುವುದಿಲ್ಲ. ಅದು ಕಚ್ಚಿದ ಇತರ ನಾಯಿ, ದನಗಳ ಬಗ್ಗೆ ಏನು ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹೊಡೆಯುವಾಗ ಚಿಮ್ಮುವ ರಕ್ತ, ಜೊಲ್ಲು ಇನ್ನೊಂದು ಅಪಾಯ. ನಾಯಿ ಸತ್ತರೆ ಬರಿಗೈಲಿ ಮುಟ್ಟಬೇಡಿ, ತೋಟದ ಮೂಲೆಗೆ ಎಸೆಯಬೇಡಿ, ಪಶುವೈದ್ಯರನ್ನು ಕರೆಯಿರಿ. ಅವರು ಮಾದರಿ ತೆಗೆದು ಐಸ್‌ನಲ್ಲಿಟ್ಟು ಕಳಿಸುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಇದಕ್ಕೆಂದೇ ಒಳ್ಳೆ ಪ್ರಯೋಗಾಲಯ ಇದೆ.

‘ನಮ್ಮ ಕೆಲಸ ಅಲ್ಲ’ ಅನ್ನುವ ಉತ್ತರಕ್ಕೆ ಸುಮ್ನೆ ವಾಪಸ್ ಬರಬೇಡಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯ್ದೆಯ ಪಟ್ಟಿಯಲ್ಲಿ ರೇಬೀಸ್ ಇದೆ. ಅನುಮಾನ ಬಂದರೆ ಪ್ರಾಣಿಯ ಮಾಲೀಕರೂ ಪಂಚಾಯಿತಿಯೂ ತಿಳಿಸಲೇಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಒಂದು ಪ್ರತಿ ಪಶು ಆಸ್ಪತ್ರೆಗೂ ಕೊಡಿ. ಪಶು ಇಲಾಖೆಯ ಸಹಾಯವಾಣಿ 1962. ಹಿಡಿಯುವವರು ಬರುವ ತನಕ ಮಕ್ಕಳನ್ನು ಒಳಗಿಡಿ, ನಾಯಿ ಎತ್ತ ಹೋಯಿತು ಅಂತ ದೂರದಿಂದ ಗಮನಿಸಿ. ತಾನಾಗಿ ಕೊಟ್ಟಿಗೆಗೋ ಶೆಡ್‌ಗೋ ಹೊಕ್ಕರೆ, ಒಳಗೆ ಜನ ದನ ಇಲ್ಲದಿದ್ದರೆ, ಹೊರಗಿಂದ ಚಿಲಕ ಹಾಕಿಬಿಡಿ.

ನಿಮ್ಮ ಹಸುವಿನ ಗಾಯವನ್ನೂ ಕೈಗವಸು ಹಾಕಿಕೊಂಡು ಸೋಪು ನೀರಿನಲ್ಲಿ ತೊಳೆಯಿರಿ. ಇವತ್ತೇ ಲಸಿಕೆ ಶುರು ಮಾಡಿಸಿ. ಒಂದೇ ಇಂಜೆಕ್ಷನ್‌ಗೆ ಮುಗಿಯುವುದಿಲ್ಲ, ಡಾಕ್ಟರು ಹೇಳಿದ ಎಲ್ಲ ದಿನವೂ ತಪ್ಪದೆ ಹಾಕಿಸಿ. ಹಸುವನ್ನು ಬೇರೆ ಕಟ್ಟಿ, ಕೆಲವು ತಿಂಗಳು ಕಣ್ಣಿಟ್ಟಿರಿ. ದನಗಳಲ್ಲಿ ಈ ರೋಗ ಮೋಸ ಮಾಡುತ್ತದೆ. ಮೇವು ಬಿಡುತ್ತದೆ, ಗಂಟಲು ಒಡೆದ ದನಿಯಲ್ಲಿ ಮತ್ತೆ ಮತ್ತೆ ಕೂಗುತ್ತದೆ, ಬಾಯಿಂದ ನೊರೆ ಇಳಿಯುತ್ತದೆ, ನುಂಗಲು ಆಗುವುದಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಮನೆಯವರು ಮೊಣಕೈವರೆಗೂ ಬಾಯೊಳಗೆ ಕೈ ಹಾಕಿಬಿಡುತ್ತಾರೆ. ಆಮೇಲೆ ಮನೆಮಂದಿಯನ್ನೆಲ್ಲ ಲಸಿಕೆಗೆ ಕಳಿಸಬೇಕಾಗುತ್ತದೆ. ಗೊಟ್ಟದಲ್ಲಿ ಔಷಧಿ ಕುಡಿಸಲೂ ಹೋಗಬೇಡಿ.

ಹಾಲಿನ ಬಗ್ಗೆ ಕೇಳಿದ್ದೀರಿ. ಹಸಿ ಹಾಲು ಯಾರೂ ಕುಡಿಯಬೇಡಿ. ಚೆನ್ನಾಗಿ ಕುದಿಸಿದರೆ ವೈರಸ್ ಸಾಯುತ್ತದೆ. ಮೇಲೆ ಹೇಳಿದ ಲಕ್ಷಣಗಳಲ್ಲಿ ಒಂದು ಕಂಡರೂ ಹಾಲು ಕರೆಯುವುದನ್ನೇ ನಿಲ್ಲಿಸಿ, ಡೇರಿಗೂ ಹಾಕಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ.