ಬೆನ್ನ ಮೇಲೆ ಉಳಿದ ಕೈ

ಹಾವೇರಿ ಕಡೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಹಂಪಿಗೆ ಹೋದಾಗ ನಮ್ಮ ಯಜಮಾನರು ಅಲ್ಲಿಯ ಉಗ್ರ ನರಸಿಂಹನ ಫೋಟೊ ತೆಗೆದು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದರು. ಉಗ್ರಮೂರ್ತಿ ಮನೆಯಲ್ಲಿದ್ದರೆ ಜಗಳ ತಪ್ಪದು ಎಂದು ಅತ್ತೆಯವರು ಗೋಡೆಗೆ ಹಾಕಲು ಬಿಡಲಿಲ್ಲ. ಮೂರು ತಿಂಗಳಿಂದ ಅದು ಕಪಾಟಿನ ಹಿಂದೆ ಮುಖ ತಿರುಗಿಸಿಕೊಂಡು ನಿಂತಿದೆ. ಇಷ್ಟು ಸಿಟ್ಟಿನ ದೇವರಿಂದ ನಾವು ಕಲಿಯುವುದಾದರೂ ಏನು?"

ತಾಯಿ, ಫೋಟೊ ಗೋಡೆಗೆ ಏರುವ ಮೊದಲೇ ಜಗಳ ಶುರುವಾಗಿರುವುದರಿಂದ ಆ ಆರೋಪ ದೇವರ ಮೇಲೆ ನಿಲ್ಲುವುದಿಲ್ಲ. ಆದರೂ ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಉಗ್ರರೂಪಕ್ಕೆ ಗುಡಿ, ಶಾಂತರೂಪಕ್ಕೆ ಮನೆ ಎನ್ನುವುದು ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ನನ್ನ ತಕರಾರು ಬೇರೆ: ನಿಮ್ಮ ಫೋಟೊದಲ್ಲಿ ಇರುವವನು ಉಗ್ರ ನರಸಿಂಹನೇ ಅಲ್ಲ.

ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ ಪ್ರತಿಷ್ಠೆಯಾದ ಆ ಮೂರ್ತಿ ಲಕ್ಷ್ಮೀನರಸಿಂಹ. ಸುಮಾರು 6.7 ಮೀಟರ್ ಎತ್ತರದ ಏಕಶಿಲೆ. ಏಳು ಹೆಡೆಯ ಆದಿಶೇಷನ ಸುರುಳಿಯ ಮೇಲೆ ಕೂತಿದ್ದಾನೆ. ಎಡತೊಡೆಯ ಮೇಲೆ ಲಕ್ಷ್ಮಿ ಇದ್ದಳು. 1565ರ ರಕ್ಕಸ-ತಂಗಡಿ ಯುದ್ಧದ ನಂತರದ ಹಾಳಿನಲ್ಲಿ ಅವಳೂ ಹೋದಳು, ಅವನ ತೋಳುಗಳೂ ಮುರಿದವು. ಮಂಡಿಗಳ ನಡುವೆ ಈಗ ಕಾಣುವ ಕಲ್ಲಿನ ಪಟ್ಟಿ, ದುರಸ್ತಿಯ ವೇಳೆ ಆಸರೆಗೆಂದು ಸೇರಿಸಿದ್ದು. ಉಳಿದದ್ದು ಅರಳಿದ ಕಣ್ಣು, ಅಗಲ ಬಾಯಿ. ಪಕ್ಕದಲ್ಲಿದ್ದವಳು ಕಾಣದಾದ ಮೇಲೆ ಜನ ಆ ಮುಖವನ್ನಷ್ಟೇ ನೋಡಿ 'ಉಗ್ರ' ಎಂದು ಹೆಸರಿಟ್ಟರು. ಜನ ಎಂದು ಬೇರೆಯವರ ಮೇಲೆ ಯಾಕೆ ಹಾಕಲಿ, ಹಿಂದೊಮ್ಮೆ ನಮ್ಮ ಪತ್ರಿಕೆಯ ಮುಖಪುಟದಲ್ಲೇ ಹಾಗೆ ಅಚ್ಚಾಗಿತ್ತು. ಕರಡು ತಿದ್ದಿದವನು ನಾನೇ.

ಲಕ್ಷ್ಮಿ ಪೂರ್ತಿ ಹೋಗಿಲ್ಲ. ಮೂರ್ತಿಯ ಹಿಂಬದಿಗೆ ಹೋದರೆ ಅವನ ಬೆನ್ನ ಮೇಲೆ ಒಂದು ಹೆಣ್ಣು ಕೈ ಕಾಣುತ್ತದೆ. ಗಂಡನನ್ನು ಬಳಸಿ ಹಿಡಿದ ಕೈ. ಬೆರಳಲ್ಲಿ ಉಂಗುರ, ಉಗುರಿನ ಅಂಚು ಕೂಡ ಕಡೆದಿದ್ದಾರೆ. ದೇಹ ಒಡೆದುಹೋಗಿದೆ, ಹಿಡಿದ ಕೈ ಹಾಗೇ ಇದೆ. ಮುಂದಿನಿಂದ ತೆಗೆದ ಫೋಟೊದಲ್ಲಿ ಅದು ಸಿಗುವುದಿಲ್ಲ.

ಈ ಕೈಗೆ ಹಿಂದೊಂದು ಕಥೆಯಿದೆ. ಭಾಗವತದ ಏಳನೆಯ ಸ್ಕಂಧದಲ್ಲಿ ಹಿರಣ್ಯಕಶಿಪು ಸತ್ತ ಮೇಲೂ ನರಸಿಂಹನ ಕೋಪ ಇಳಿಯುವುದಿಲ್ಲ. ದೇವತೆಗಳು ದೂರದಲ್ಲೇ ನಿಂತು ಸ್ತುತಿ ಮಾಡುತ್ತಾರೆ. ಲಕ್ಷ್ಮಿಯನ್ನು ಕಳಿಸಿದರೆ, ಹಿಂದೆಂದೂ ಕಾಣದ ಆ ರೂಪ ನೋಡಿ ಅವಳೂ ಹೆದರಿ ಹತ್ತಿರ ಹೋಗುವುದಿಲ್ಲ. ಕೊನೆಗೆ ಬ್ರಹ್ಮ ಕಳಿಸಿದ್ದು ಪ್ರಹ್ಲಾದನನ್ನು. ಕೂಸು ಹೋಗಿ ಅಡ್ಡಬಿದ್ದಿತು. ನರಸಿಂಹ ಅದನ್ನು ಎತ್ತಿ, ತಲೆಯ ಮೇಲೆ ಕೈಯಿಟ್ಟ. ಆಗ ಪ್ರಹ್ಲಾದ ಹೇಳುವ ಮಾತು ನೋಡಿ: ಈ ಬಾಯಿ, ಈ ಹಲ್ಲು, ಈ ಕರುಳಮಾಲೆ ಕಂಡು ನನಗೆ ಹೆದರಿಕೆಯಿಲ್ಲ, ನನಗೆ ಹೆದರಿಕೆ ಸಂಸಾರಚಕ್ರದ್ದು, ಈ ದೀನರನ್ನೆಲ್ಲ ಇಲ್ಲಿ ಬಿಟ್ಟು ನಾನೊಬ್ಬನೇ ಮುಕ್ತಿ ಪಡೆಯಲೊಲ್ಲೆ. ವರ ಕೇಳು ಎಂದಾಗ, ತನ್ನನ್ನು ಕೊಲ್ಲಿಸಲು ಹೊರಟಿದ್ದ ಅಪ್ಪನ ಪಾಪ ಕಳೆಯಲಿ ಎಂದು ಕೇಳುತ್ತಾನೆ. ಕಂಬ ಒಡೆದ ದೃಶ್ಯವನ್ನು ಎಲ್ಲರೂ ಹೇಳುತ್ತಾರೆ. ನನಗೆ ಕಥೆಯ ಜೀವ ಇರುವುದು ಇಲ್ಲಿ, ಕೋಪ ಇಳಿಯುವ ಕಡೆ.

ಹಂಪಿಯ ಶಿಲ್ಪಿ ತೋರಿಸಿರುವುದು ಅದಕ್ಕೂ ಮುಂದಿನ ಗಳಿಗೆಯನ್ನು. ಹೆದರಿ ನಿಂತಿದ್ದವಳೇ ಈಗ ತೊಡೆಯೇರಿ ಬೆನ್ನು ಬಳಸಿದ್ದಾಳೆ. ನಿಜವಾದ ಉಗ್ರರೂಪ ನೋಡಬೇಕೆಂದರೆ ಹಳೇಬೀಡಿಗೆ ಹೋಗಿ. ಅಲ್ಲಿನ ಗೋಡೆಯಲ್ಲಿ ಹೊಟ್ಟೆ ಬಗೆಯುತ್ತಿದ್ದಾನೆ. ಬಾದಾಮಿಯ ಮೂರನೆಯ ಗುಹೆಯಲ್ಲಿ (ಅದರ ಶಾಸನ 578ರದು) ಜಗಳವೇ ಗೊತ್ತಿಲ್ಲದವನ ಹಾಗೆ ನೆಟ್ಟಗೆ ನಿಂತಿದ್ದಾನೆ. ಮೇಲುಕೋಟೆಯ ಬೆಟ್ಟದ ಮೇಲಿರುವವನು ಯೋಗನರಸಿಂಹ. ಇನ್ನು ನಮ್ಮ ಊರುಗಳಲ್ಲಿ ಎಷ್ಟು ನರಸಪ್ಪ, ನರಸಮ್ಮ, ನರಹರಿ! ಬರೀ ಹೆದರಿಕೆಯ ದೇವರ ಹೆಸರನ್ನು ಯಾರೂ ತೊಟ್ಟಿಲಲ್ಲಿರುವ ಮಗುವಿಗೆ ಇಡುವುದಿಲ್ಲ.

ಕಲಿಯುವುದೇನು ಎಂದಿರಲ್ಲ. ಸಂಜೆ ಹೊತ್ತು ಹೊಸ್ತಿಲ ಮೇಲೆ ಕೂರಬೇಡ ಎಂದು ನಿಮ್ಮ ಅತ್ತೆಯವರು ಖಂಡಿತ ಗದರಿರುತ್ತಾರೆ. ಹಿರಣ್ಯಕಶಿಪು ವರ ಕೇಳಿದ್ದು ವಕೀಲರು ಕರಾರುಪತ್ರ ಬರೆದಂತೆ: ಮನುಷ್ಯನಿಂದ ಬೇಡ, ಮೃಗದಿಂದ ಬೇಡ, ಹಗಲು ಬೇಡ, ಇರುಳು ಬೇಡ, ಒಳಗೆ ಬೇಡ, ಹೊರಗೆ ಬೇಡ, ನೆಲ, ಮುಗಿಲು, ಆಯುಧ ಯಾವುದೂ ಬೇಡ. ಎಲ್ಲ ಬಾಗಿಲನ್ನೂ ಭದ್ರ ಮಾಡಿದ, ಹೊಸ್ತಿಲನ್ನು ಮರೆತ. ಸಾವು ಮುಸ್ಸಂಜೆಯಲ್ಲಿ, ಹೊಸ್ತಿಲಲ್ಲಿ, ತೊಡೆಯ ಮೇಲೆ, ಉಗುರಿನಿಂದ ಬಂತು. ನನ್ನ ಪಾಲಿಗೆ ಇದು ಅಹಂಕಾರದ ಕಥೆ, ಸಿಟ್ಟಿನದಲ್ಲ. ಲೆಕ್ಕ ಪಕ್ಕಾ ಆಯಿತು ಎಂದುಕೊಂಡವನ ಕಣ್ಣಿಗೆ ನಡುವಿನ ಜಾಗ ಬೀಳಲಿಲ್ಲ.

ಇನ್ನು ಫೋಟೊದ ವಿಷಯ. ದೇವರಮನೆಯಲ್ಲಿ ಬೇಡ, ಅದು ಅತ್ತೆಯವರ ಜಾಗ, ಪಡಸಾಲೆಯಲ್ಲಿ ಹಾಕಿ. ಹಾಕುವ ಮೊದಲು ಅವರನ್ನೊಮ್ಮೆ ಹಂಪಿಗೆ ಕರೆದುಕೊಂಡು ಹೋಗಿ. ಸುತ್ತ ಕಬ್ಬಿಣದ ಬೇಲಿಯಿದೆ, ಹಿಂಬದಿ ಸುಲಭಕ್ಕೆ ಕಾಣದು. ಕಾವಲಿನವರನ್ನು ವಿನಯದಿಂದ ಕೇಳಿ ನೋಡಿ. ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗವಿದೆ, ಅದನ್ನೂ ನೋಡಿಕೊಂಡು ಬನ್ನಿ. ಇತ್ತ ನಮ್ಮ ಕಚೇರಿಯ ಚಿತ್ರಸಂಗ್ರಹದಲ್ಲಿ ಆ ಹಳೆಯ ಫೋಟೊದ ಅಡಿಬರಹದಿಂದ 'ಉಗ್ರ' ಹೊಡೆದು 'ಲಕ್ಷ್ಮೀ' ಎಂದು ಬರೆಸಿದ್ದೇನೆ.

– ಸಂ.