ನೊಣದ ಬಂಜೆತನ ಯಾರ ನಷ್ಟ?

ಪತ್ರ: “ಮಾನ್ಯ ಸಂಪಾದಕರೇ, ಜಿಗಿಯುವ ಜೀನ್‌ಗಳಿಂದ ಹಣ್ಣಿನ ನೊಣ ಬಂಜೆಯಾಗುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಉದ್ದನೆಯ ಲೇಖನ ಅಚ್ಚು ಹಾಕಿದ್ದೀರಿ. ನಾನು ಸರ್ಕಾರಿ ಲೆಕ್ಕಪತ್ರಗಳ ತಪಾಸಣೆ ಮಾಡಿ ನಿವೃತ್ತನಾದವನು. ನೊಣಕ್ಕೆ ಮಕ್ಕಳಾಗದಿದ್ದರೆ ಯಾರಿಗೆ ನಷ್ಟ? ವರ್ಷಗಟ್ಟಲೆ ನೊಣದ ಸೀಸೆಗಳನ್ನು ಸಾಕಲು ಜನರ ತೆರಿಗೆ ಹಣ ಏಕೆ?” — ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ಮಾನ್ಯರೇ, ಜನರ ಹಣಕ್ಕೆ ಲೆಕ್ಕ ಕೇಳುವುದು ನಿಮ್ಮ ಹಕ್ಕು. ಸಂಶೋಧನೆಯ ಹೆಸರಿನಲ್ಲಿ ಹವಾನಿಯಂತ್ರಿತ ಕೋಣೆ ಕಟ್ಟಿಸಿಕೊಂಡು ಹಾಯಾಗಿ ಕುಳಿತವರೂ ಇದ್ದಾರೆ, ಒಪ್ಪಿದೆ. ಆದರೆ ‘ಸೀಸೆಗಳನ್ನು ಸಾಕಲು’ ಎಂದಿರಲ್ಲ, ಆ ಮಾತು ನನ್ನನ್ನು ಕೆಣಕಿತು. ನೀವು ಓದಿ ಬೇಸರಪಟ್ಟ ಆ ಕಥೆ ನಿಂತಿರುವುದೇ ಯಾರೋ ಸಾಕಿಕೊಂಡು ಬಂದ ಸೀಸೆಗಳ ಮೇಲೆ.

1920ರ ದಶಕದಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹಿಡಿದ ನೊಣಗಳ ಸಂತತಿ ‘ಆರೆಗಾನ್-ಆರ್’. ಒಹಾಯೊದ ಕ್ಯಾಂಟನ್ ಊರಿನದು ‘ಕ್ಯಾಂಟನ್-ಎಸ್’. ರಾಗಿ ಬೀಜವನ್ನು ಬೂದಿ ಬೆರೆಸಿ ಮಡಕೆಯಲ್ಲಿ ಎತ್ತಿಟ್ಟಂತೆ ನೊಣವನ್ನು ಎತ್ತಿಡಲು ಬರುವುದಿಲ್ಲ. ಅದಕ್ಕೆ ಹತ್ತು ಹನ್ನೆರಡು ದಿನಕ್ಕೊಂದು ತಲೆಮಾರು. ಕೆಲವು ವಾರಗಳಿಗೊಮ್ಮೆ ಹೊಸ ಆಹಾರ ತುಂಬಿದ ಸೀಸೆಗೆ ವರ್ಗಾಯಿಸುತ್ತಲೇ ಇರಬೇಕು. ಮರೆತರೆ ವಂಶ ಮುಗಿಯಿತು. ಆರ್ಥಿಕ ಕುಸಿತ ಬಂತು, ಮಹಾಯುದ್ಧ ಬಂತು, ಸೀಸೆ ಬದಲಿಸುವವರು ಬದಲಿಸುತ್ತಲೇ ಇದ್ದರು. ಐವತ್ತು ವರ್ಷದ ಮೇಲೆ ಇದು ಯಾವ ಪ್ರಶ್ನೆಗೆ ಉತ್ತರವಾದೀತು ಎಂದು ಅವರನ್ನು ಕೇಳಿದ್ದರೆ ಪಾಪ, ಏನು ಹೇಳಿಯಾರು?

1970ರ ದಶಕದಲ್ಲಿ ಆ ಪ್ರಶ್ನೆ ಬಂತು. ಹೊರಗಿನಿಂದ ಹೊಸದಾಗಿ ಹಿಡಿದು ತಂದ ಗಂಡನ್ನು ಪ್ರಯೋಗಾಲಯದ ಹಳೆಯ ತಳಿಯ ಹೆಣ್ಣಿನೊಂದಿಗೆ ಕೂಡಿಸಿದರೆ ಹುಟ್ಟಿದ ಮರಿಗಳಲ್ಲಿ ಬಂಜೆತನ, ಜೀನ್‌ಗಳಲ್ಲಿ ಲೆಕ್ಕವಿಲ್ಲದ ಬದಲಾವಣೆಗಳು. 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದರಂತೂ ಅಂಡಾಶಯವೇ ಕುಗ್ಗಿಹೋಗುತ್ತದೆ. ಗಂಡು ಹಳೆಯ ತಳಿಯದು, ಹೆಣ್ಣು ಹೊರಗಿನದು ಎಂದು ತಿರುಗಿಸಿ ನೋಡಿ, ಮಕ್ಕಳು ಆರೋಗ್ಯವಾಗಿರುತ್ತಾರೆ! ಎರಡೂ ಕಡೆ ಸೇರುವುದು ಅವೇ ಎರಡು ವಂಶಗಳು. ಮಾರ್ಗರೆಟ್ ಕಿಡ್‌ವೆಲ್, ಜೇಮ್ಸ್ ಕಿಡ್‌ವೆಲ್ ಮತ್ತು ಜಾನ್ ಸ್ವೆಡ್ ಇದನ್ನು 1977ರಲ್ಲಿ ವಿವರವಾಗಿ ಬರೆದರು. ಕಾರಣ ‘ಪಿ ಎಲಿಮೆಂಟ್’ ಎಂಬ, ಕೇವಲ 2,907 ಡಿಎನ್ಎ ಅಕ್ಷರಗಳ ಜಿಗಿಯುವ ಜೀನ್, ಅಂದರೆ ಇದ್ದ ಜಾಗ ಬಿಟ್ಟು ಬೇರೆಡೆಗೆ ಹಾರಿ ಸೇರುವ ಜೀನ್. ಹೊರಗಿನ ನೊಣದಲ್ಲಿ ಅದು ಇತ್ತು, ಸೀಸೆಯ ನೊಣದಲ್ಲಿ ಇರಲಿಲ್ಲ.

ಏಕಿರಲಿಲ್ಲ ಎಂಬುದರ ಮೇಲೆ ಸೊಗಸಾದ ಜಗಳ ನಡೆಯಿತು. ಸೀಸೆಯಲ್ಲಿದ್ದೂ ಇದ್ದೂ ಅವು ಪಿ ಯನ್ನು ಕಳೆದುಕೊಂಡಿವೆ ಎಂಬುದು ವಿಲಿಯಂ ಎಂಗಲ್ಸ್ ಅವರ ವಾದ. ಇಲ್ಲ, ಅವನ್ನು ಹಿಡಿದಾಗ ಕಾಡಿನಲ್ಲೂ ಪಿ ಇರಲಿಲ್ಲ, ಆಮೇಲೆ ಬಂದು ಹಬ್ಬಿತು ಎಂದವರು ಮಾರ್ಗರೆಟ್ ಕಿಡ್‌ವೆಲ್. ತೀರ್ಪು ಕೊಟ್ಟಿದ್ದು ಸೀಸೆಯ ಮೇಲಿನ ಚೀಟಿ. ಸುಮಾರು 1950ಕ್ಕಿಂತ ಮೊದಲು ಹಿಡಿದವುಗಳಲ್ಲಿ ಪಿ ಇಲ್ಲ, ಈಚಿನವುಗಳಲ್ಲಿ ಇದೆ. 1990ರಲ್ಲಿ ಈ ನೊಣದ ದೂರದ ಸಂಬಂಧಿಯಾದ ಡ್ರೊಸೊಫಿಲಾ ವಿಲಿಸ್ಟೋನಿ ಎಂಬ ನೊಣದಲ್ಲಿ, ಒಂದೇ ಒಂದು ಅಕ್ಷರದ ವ್ಯತ್ಯಾಸವಿರುವ ಪಿ ಸಿಕ್ಕಿತು. ಒಂದು ಪ್ರಭೇದದಿಂದ ಇನ್ನೊಂದಕ್ಕೆ ದಾಟಿದೆ. ದಾಟಿಸಿದ್ದು ದನಕ್ಕೆ ಕಚ್ಚುವ ಉಣ್ಣೆಯಂಥ ಒಂದು ಸಣ್ಣ ಜೀವಿ ಇರಬಹುದೆಂಬ ಗುಮಾನಿಯಿದೆ. ಕೆಲವೇ ದಶಕಗಳಲ್ಲಿ ಜಗತ್ತಿನ ಉದ್ದಗಲಕ್ಕೆ ಹಬ್ಬಿದ ಒಂದು ಆಕ್ರಮಣ, ಮನುಷ್ಯರ ಕಣ್ಣೆದುರೇ! ಯಾರಿಗೂ ಗೊತ್ತಾಗಲಿಲ್ಲ. ಆ ಹಳೆಯ ತಳಿಗಳನ್ನು ಯಾರಾದರೂ ‘ಅನುಪಯುಕ್ತ’ ಎಂದು ತೊಳೆದುಹಾಕಿದ್ದರೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಬಂಜೆತನದ ಬಗೆ ಹೀಗೆ. ಪಿ ತಾನಿದ್ದ ಜಾಗದಿಂದ ಕತ್ತರಿಸಿಕೊಂಡು ಬೇರೆಡೆ ಸೇರುತ್ತದೆ. ಬಿಟ್ಟ ಜಾಗದಲ್ಲಿ ಡಿಎನ್ಎಯ ಎರಡೂ ಎಳೆಗಳು ತುಂಡಾಗಿರುತ್ತವೆ. ಹಾನಿ ಕಂಡರೆ ಚೆಕ್-2 ಎಂಬ ಕಾವಲು ಕಿಣ್ವ ಎಚ್ಚೆತ್ತು, ಅಂಡಾಣುಗಳಿಗೆ ಮೂಲವಾದ ಕಾಂಡಕೋಶಗಳು ಬೆಳೆಯದಂತೆ ತಡೆಯುತ್ತದೆ. ಅಂದರೆ ಬಂಜೆತನದಲ್ಲಿ ಕಳ್ಳನ ಪಾಲೆಷ್ಟೋ ಕಾವಲುಗಾರನ ಪಾಲೂ ಇದೆ. ತಾಯಿ ಪಿ ಇರುವ ತಳಿಯವಳಾದರೆ ಅದನ್ನು ಅಡಗಿಸುವ ಪುಟ್ಟ ಆರ್‌ಎನ್‌ಎ ತುಣುಕುಗಳನ್ನು ಮೊಟ್ಟೆಯಲ್ಲೇ ಇಟ್ಟು ಕಳಿಸುತ್ತಾಳೆ. 2008ರಲ್ಲಿ ಸ್ಪಷ್ಟವಾದ ಸಂಗತಿಯಿದು. ತಂದೆಯಿಂದ ಆ ಉಡುಗೊರೆ ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2011ರ ಫಲಿತಾಂಶ: ಅಂಡಾಶಯ ಪೂರ್ತಿ ನಾಶವಾಗದ ಹೆಣ್ಣುಗಳು ಎಳೆಯ ವಯಸ್ಸಿನಲ್ಲಿ ಬಂಜೆಯಾಗಿದ್ದರೂ ವಯಸ್ಸಾಗುತ್ತಾ ಸ್ವಂತವಾಗಿ ಆ ಆರ್‌ಎನ್‌ಎಗಳನ್ನು ತಯಾರಿಸಿಕೊಂಡು, ಸುಮಾರು ಮೂರು ವಾರದ ಹೊತ್ತಿಗೆ ಮೊಟ್ಟೆಯಿಡತೊಡಗುತ್ತವೆ.

ಉಪಯೋಗ ಹೇಳಲೇಬೇಕೆಂದರೆ, 1982ರಲ್ಲಿ ಜೆರಾಲ್ಡ್ ರೂಬಿನ್ ಮತ್ತು ಅಲನ್ ಸ್ಪ್ರಾಡ್ಲಿಂಗ್ ಇದೇ ಪಿ ಯನ್ನು ವಾಹನ ಮಾಡಿಕೊಂಡು ನೊಣಕ್ಕೆ ಬೇಕಾದ ಜೀನ್ ಸೇರಿಸಿದರು. ಮನುಷ್ಯರ ಡಿಎನ್‌ಎಯಲ್ಲೂ ಹೆಚ್ಚುಕಡಿಮೆ ಅರ್ಧ ಭಾಗ ಇಂಥ ಜಿಗಿಯುವ ಜೀನ್‌ಗಳ ಅವಶೇಷವೇ. ಇಷ್ಟು ಸಾಕು. ಉಪಯೋಗ ತೋರಿಸಿ ಬದುಕುವ ಅನುಮತಿ ಪಡೆಯುವ ಈ ಪದ್ಧತಿಯೇ ನನಗೆ ಹಿಡಿಸುವುದಿಲ್ಲ.

ನಾನು ಬಲ್ಲ ಕಾಲೇಜೊಂದರಲ್ಲಿ ಪಶ್ಚಿಮಘಟ್ಟದ ಸಸ್ಯಗಳ ಒಣಹಾಳೆಗಳೂ ಹೊಳೆಮೀನುಗಳ ಜಾಡಿಗಳೂ ತುಂಬಿದ ಒಂದು ಕೋಣೆಯಿತ್ತು. ಎಲ್ಲಿ, ಯಾವ ತಿಂಗಳು, ಎಷ್ಟು ಆಳದ ನೀರಿನಲ್ಲಿ ಸಿಕ್ಕಿತೆಂದು ದುಂಡಗೆ ಬರೆದ ಚೀಟಿಗಳಿದ್ದವು. ತಪಾಸಣೆಗೆ ಬಂದವರು ‘ದಾಸ್ತಾನು, ಬಳಕೆಯಿಲ್ಲ’ ಎಂದು ಷರಾ ಬರೆದರು. ಹಾಳೆಗಳು ರದ್ದಿಗೆ, ಜಾಡಿಗಳು ಗುಜರಿಗೆ ಹೋದವು. ಆ ಹೊಳೆಯಲ್ಲಿ ಈಗ ಯಾವ ಮೀನು ಇಲ್ಲ ಎಂದು ಯಾವುದರೊಂದಿಗೆ ಹೋಲಿಸಿ ಹೇಳುವುದು? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ, ಅಂದರೆ ಹಣ್ಣಿನ ನೊಣಗಳ ತಳಿ ಕೇಂದ್ರವೊಂದಿದೆ ಎಂಬುದು ನಮ್ಮ ಪುಣ್ಯ. ಆದರೆ ನಮ್ಮಲ್ಲಿ ಹಣ ಬರುವುದು ಮೂರು ವರ್ಷದ ಯೋಜನೆಗೆ. ಸೀಸೆ ಬದಲಿಸುವ ಕೈಗೆ ಕಾಯಂ ಹುದ್ದೆ ಕೊಡಿ ಎಂದರೆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಕಟ್ಟಡದ ಉದ್ಘಾಟನೆಗೆ ಬರುವ ಮಂತ್ರಿಗಳು ಕಪಾಟಿನ ನಿರ್ವಹಣೆಗೆ ಬರುತ್ತಾರೆಯೇ?

ನಿಮ್ಮ ಅಕ್ಷರವೂ ದುಂಡಗಿದೆ, ಮಾನ್ಯರೇ, ನಿಯಮಗಳೂ ನಿಮಗೆ ಬಾಯಿಪಾಠ. ಒಂದು ಕಾಲೇಜು ತನ್ನ ಮಾದರಿಗಳನ್ನೂ ಜೀವಂತ ತಳಿಗಳನ್ನೂ ದಾಸ್ತಾನು ಪುಸ್ತಕದಲ್ಲಿ ಹೇಗೆ ನಮೂದಿಸಿದರೆ ಯಾವ ತಪಾಸಕನೂ ಅದನ್ನು ಗುಜರಿಗೆ ಹಾಕಿಸಲಾರ? ಇದನ್ನು ನಿಮ್ಮಷ್ಟು ಚೆನ್ನಾಗಿ ಬರೆಯಬಲ್ಲವರು ನನಗೆ ಗೊತ್ತಿಲ್ಲ. ಮುಂದಿನ ತಿಂಗಳ 15ರೊಳಗೆ ಕಳಿಸಿದರೆ ಆ ಸಂಚಿಕೆಗೇ ತೆಗೆದುಕೊಳ್ಳುತ್ತೇನೆ. ಹಾಳೆಯ ಒಂದೇ ಬದಿಗೆ ಬರೆಯಿರಿ.