ಓಡಾಟ ಜೋರು, ಲೆಕ್ಕ ಎಲ್ಲಿ?

ಪ್ರಶ್ನೆ: ನಾನು 5ನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಹೇಳಿಕೆ ಲೆಕ್ಕ ಎಂದರೆ ಸಾಕು, ಮಕ್ಕಳು ಮುಖ ಸಿಂಡರಿಸುತ್ತಾರೆ. ಅದಕ್ಕೇ ಶಾಲೆಯ ಗೋಡೆಗಳ ಮೇಲೆ ಲೆಕ್ಕದ ಚೀಟಿ ಅಂಟಿಸಿ ಟ್ರೆಷರ್ ಹಂಟ್ ಆಡಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಗುಂಪಿನಲ್ಲಿ ಒಬ್ಬರು ಲೆಕ್ಕ ಮಾಡುತ್ತಾರೆ, ಉಳಿದವರು ಸುಮ್ನೆ ಹಿಂದೆ ಓಡುತ್ತಾರೆ. ಏನು ಮಾಡಲಿ?

ಉತ್ತರ: ಬೇಗ ಮುಗಿಸಿದವರಿಗೆ ಬಹುಮಾನ ಇಟ್ಟಿದ್ದರೆ ಅದನ್ನು ಕೈಬಿಡಿ ಮೇಡಂ. ಪೈಪೋಟಿ ಶುರುವಾದರೆ ಚುರುಕಾದ ಒಬ್ಬರ ಕೈಗೇ ಪೆನ್ಸಿಲ್ ಹೋಗುತ್ತದೆ. ಅದರಲ್ಲಿ ಮಕ್ಕಳ ತಪ್ಪೇನೂ ಇಲ್ಲ.

ಚೀಟಿಗಳನ್ನು ಸರಪಳಿಯಂತೆ ಜೋಡಿಸಿ. ಪ್ರತಿ ಚೀಟಿಯ ಮೇಲ್ಭಾಗದಲ್ಲಿ ಹಿಂದಿನ ಲೆಕ್ಕದ ಉತ್ತರ, ಕೆಳಗೆ ಹೊಸ ಲೆಕ್ಕ. ಉತ್ತರ 18 ಬಂದರೆ 18 ಎಂದಿರುವ ಚೀಟಿ ಹುಡುಕಬೇಕು. ಕೊನೆಯ ಲೆಕ್ಕದ ಉತ್ತರ ಮೊದಲ ಚೀಟಿಯ ಮೇಲಿರಲಿ. ಆಗ ಯಾವ ಗುಂಪು ಎಲ್ಲಿಂದ ಬೇಕಾದರೂ ಶುರು ಮಾಡಬಹುದು. 30 ಮಕ್ಕಳಿದ್ದರೆ ಮೂವರ ಹತ್ತು ಗುಂಪು, ಹತ್ತು ಚೀಟಿ. ನೂಕುನುಗ್ಗಲೂ ಇರುವುದಿಲ್ಲ.

ನಿಜವಾದ ಕೆಲಸ ಇರುವುದು ತಪ್ಪು ಉತ್ತರದಲ್ಲಿ. ಈ ಲೆಕ್ಕ ನೋಡಿ: 'ಅಕ್ಕನ ಬಳಿ 24 ಪೆನ್ಸಿಲ್ ಇವೆ. ಅದು ತಮ್ಮನ ಬಳಿ ಇರುವುದಕ್ಕಿಂತ 6 ಜಾಸ್ತಿ. ತಮ್ಮನ ಬಳಿ ಎಷ್ಟಿವೆ?' 'ಜಾಸ್ತಿ' ಕಂಡ ಕೂಡಲೇ ಎಷ್ಟೋ ಮಕ್ಕಳು ಕೂಡಿಸಿ 30 ಎನ್ನುತ್ತಾರೆ. ಗೋಡೆಯ ಮೇಲೆ 30 ಇಲ್ಲದಿದ್ದರೆ ಯೋಚನೆಯನ್ನೇನೂ ಮಾಡುವುದಿಲ್ಲ. ಕೂಡಿಸಿದ್ದು ಆಗಲಿಲ್ಲ, ಕಳೆದು ನೋಡೋಣ ಎನ್ನುತ್ತಾರೆ. ಹಾಗಾಗಿ 30ಕ್ಕೂ ಒಂದು ಚೀಟಿ ಇರಲಿ. ಅದರಲ್ಲಿ ಹೀಗಷ್ಟೇ ಬರೆಯಿರಿ: 'ಪೆನ್ಸಿಲ್ ಜಾಸ್ತಿ ಇರುವುದು ಯಾರ ಬಳಿ? ಮತ್ತೊಮ್ಮೆ ಓದಿ.' ಇಂಥ ಚೀಟಿಯ ಸಂಖ್ಯೆ ಬೇರೆ ಯಾವ ಲೆಕ್ಕದ ಉತ್ತರವೂ ಆಗಿರಬಾರದು, ಅದೊಂದನ್ನು ನೋಡಿಕೊಳ್ಳಿ.

ಭಾಗಾಕಾರಕ್ಕೂ ಇದೇ ಉಪಾಯ. ಅಮೆರಿಕದಲ್ಲಿ 1980ರ ದಶಕದಲ್ಲಿ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು: 1,128 ಸೈನಿಕರು, ಒಂದು ಬಸ್ಸಿಗೆ 36 ಮಂದಿ, ಎಷ್ಟು ಬಸ್ ಬೇಕು? 32 ಎಂದವರಿಗಿಂತ '31, ಶೇಷ 12' ಎಂದು ಬರೆದವರೇ ಜಾಸ್ತಿ! ಭಾಗಿಸಲು ಬಂತು, ಬಸ್ಸು ಮಾತ್ರ ಮರೆತೇ ಹೋಯಿತು. ನಿಮ್ಮ 31ರ ಚೀಟಿಯಲ್ಲಿ 'ಉಳಿದ 12 ಮಂದಿ ನಡ್ಕೊಂಡು ಹೋಗಬೇಕಾ?' ಎಂದು ಕೇಳಿಬಿಡಿ.

ಇನ್ನು ಹಿಂದೆ ಓಡುವವರ ವಿಷಯ. ಒಬ್ಬರು ಓದಿ, ಸಂಖ್ಯೆ ಹೇಳದೆ ಬರೀ ಕಥೆ ಹೇಳಲಿ. ಇನ್ನೊಬ್ಬರು ಚಿತ್ರ ಬಿಡಿಸಲಿ. ಮೂರನೆಯವರು ಲೆಕ್ಕ ಬರೆಯಲಿ. ಪ್ರತಿ ಚೀಟಿಗೂ ಕೆಲಸ ಅದಲುಬದಲಾಗಬೇಕು. ಸಂಖ್ಯೆ ಬಿಟ್ಟು ಕಥೆ ಹೇಳಲು ಬಾರದಿದ್ದರೆ ಲೆಕ್ಕ ಅರ್ಥವಾಗಿಲ್ಲ ಎಂದು ನಿಮಗೂ ತಿಳಿಯುತ್ತದೆ, ಅಲ್ವಾ?

ಹತ್ತು ಚೀಟಿ ಮುಗಿಯಲೇಬೇಕು ಎಂದೇನಿಲ್ಲ. ಆರಕ್ಕೇ ನಿಲ್ಲಿಸಿದರೂ ಸರಿ, ಕೊನೆಯ ಹತ್ತು ನಿಮಿಷ ಕೈಯಲ್ಲಿರಲಿ. ಹೆಚ್ಚು ಗುಂಪುಗಳು ಎಡವಿದ ಲೆಕ್ಕವನ್ನು ಆಗ ಬೋರ್ಡಿನ ಮೇಲೆ ಬರೆದು, ತಪ್ಪು ಉತ್ತರ ಹೇಗೆ ಬಂತೆಂದು ಅವರಿಂದಲೇ ಹೇಳಿಸಿ.